ಧ್ಯಾನ ಮಾಡಿದರೆ ಕನಸಿನೊಳಗೆ ಎಚ್ಚರ ಬರುತ್ತದೆಯೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಚಿಕ್ಕಬಳ್ಳಾಪುರದಲ್ಲಿ ನಾನು ಬೆಳಗಿನ ಹೊತ್ತು ಧ್ಯಾನ ಹೇಳಿಕೊಡುತ್ತೇನೆ. ತರಗತಿ ಮುಗಿದು ಚಾಪೆ ಸುತ್ತುವಾಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಮೇಡಂ, ಧ್ಯಾನ ಮಾಡಿದ್ರೆ ಕನಸು ಬೀಳ್ತಿರೋವಾಗ್ಲೇ ಇದು ಕನಸು ಅಂತ ಗೊತ್ತಾಗುತ್ತಂತೆ, ನಿಜಾನಾ? ಎಷ್ಟು ದಿನ ಕೂತ್ರೆ ಬರುತ್ತೆ?" ಲೂಸಿಡ್ ಡ್ರೀಮಿಂಗ್ ಅಂತ ಯೂಟ್ಯೂಬ್‌ನಲ್ಲಿ ನೋಡಿರುತ್ತಾರೆ. ಕಾಲೇಜು ಹುಡುಗರಿಗೆ ಕನಸಲ್ಲಿ ನಂದಿ ಬೆಟ್ಟದ ಮೇಲೆ ಹಾರುವ ಆಸೆ. ಕೆಲವರಿಗೆ ತೀರಿಕೊಂಡ ಅಮ್ಮನನ್ನು ನೋಡಬೇಕು. ಇನ್ನು ಕೆಲವರು ಪದೇ ಪದೇ ಬೀಳುವ ಕೆಟ್ಟ ಕನಸಿನಿಂದ ಬೇಸತ್ತು ಕೇಳುತ್ತಾರೆ. ಇವರೇ ನನಗೆ ಹೆಚ್ಚು ಮುಖ್ಯ.

ನನ್ನ ಉತ್ತರ: ಹೌದು, ಧ್ಯಾನದಿಂದ ಸಹಾಯ ಆಗುತ್ತದೆ. ಆದರೆ ಮಲಗುವ ಮುಂಚೆ ಹತ್ತು ನಿಮಿಷ ಕಣ್ಣು ಮುಚ್ಚಿ ಕೂತ ಮಾತ್ರಕ್ಕೆ ಬರುವುದಿಲ್ಲ. ಹಗಲೆಲ್ಲ ನೀವು ಎಷ್ಟು ಗಮನವಿಟ್ಟು ಇರುತ್ತೀರಿ ಎನ್ನುವುದು ರಾತ್ರಿ ಕನಸಿನಲ್ಲಿ ಕಾಣುತ್ತದೆ.

ಮೊದಲು ಅನುಮಾನ ಇರುವವರಿಗೆ ಒಂದು ಮಾತು. ಇಂಥ ಕನಸು ನಿಜವಾಗಿಯೂ ಬೀಳುತ್ತದೆ, ಪ್ರಯೋಗಾಲಯದಲ್ಲಿ ದಾಖಲಾಗಿದೆ. ಕನಸು ಜೋರಾಗಿರುವ ನಿದ್ದೆಯಲ್ಲಿ ಮೈಯ ಸ್ನಾಯುಗಳೆಲ್ಲ ಸಡಿಲ ಬಿದ್ದಿರುತ್ತವೆ, ಆದರೆ ಕಣ್ಣುಗುಡ್ಡೆ ಓಡಾಡುತ್ತಲೇ ಇರುತ್ತದೆ. ಆ ನಿದ್ದೆಗೆ ರೆಮ್ ಅನ್ನುತ್ತಾರೆ. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎನ್ನುವ ಸಂಶೋಧಕರು ಇದನ್ನೇ ಬಳಸಿಕೊಂಡರು. ಕನಸು ಅಂತ ಗೊತ್ತಾದ ಕೂಡಲೇ ಕಣ್ಣನ್ನು ಎಡಕ್ಕೆ ಬಲಕ್ಕೆ ಹೊರಳಿಸಬೇಕು ಅಂತ, ಪ್ರಯೋಗಕ್ಕೆ ಮಲಗಲಿದ್ದ ಅಲನ್ ವರ್ಸ್ಲಿ ಅವರಿಗೆ ಮೊದಲೇ ಹೇಳಿದ್ದರು. ಅವರು ನಿದ್ದೆಯಲ್ಲೇ ಹಾಗೆ ಮಾಡಿದರು, ಯಂತ್ರದಲ್ಲಿ ಗುರುತು ಬಿತ್ತು. ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ಕೂಡ ಇದನ್ನೇ ತೋರಿಸಿದರು. 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಂತೂ ನಿದ್ದೆಯಲ್ಲಿದ್ದವರನ್ನು ಎಂಟರಲ್ಲಿ ಆರು ಕಳೆದರೆ ಎಷ್ಟು ಅಂತ ಕೇಳಿದಾಗ, ಕಣ್ಣನ್ನು ಎರಡು ಸಲ ಹೊರಳಿಸಿ ಉತ್ತರ ಹೇಳಿದವರಿದ್ದಾರೆ.

ಇನ್ನು ಧ್ಯಾನದ ವಿಷಯ. 2019ರಲ್ಲಿ ಬೆಂಜಮಿನ್ ಬೇರ್ಡ್ ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿ ಬರೆದರು. ವರ್ಷಗಟ್ಟಲೆ ಧ್ಯಾನ ಮಾಡಿದವರಿಗೆ ಇಂಥ ಕನಸು ಉಳಿದವರಿಗಿಂತ ಜಾಸ್ತಿ ಬೀಳುತ್ತಿತ್ತು. ಆದರೆ 8 ವಾರದ ಧ್ಯಾನದ ಕೋರ್ಸ್ ಮುಗಿಸಿದವರಲ್ಲಿ ಹೆಚ್ಚಳ ಕಾಣಲಿಲ್ಲ. "ಎಷ್ಟು ದಿನ ಕೂತ್ರೆ ಬರುತ್ತೆ" ಅಂತ ಕೇಳಿದವರಿಗೆ ನಾನು ಇದನ್ನೇ ಹೇಳುತ್ತೇನೆ. ಕೆಲವರ ಮುಖ ಸಪ್ಪಗಾಗುತ್ತದೆ. ಆದರೂ ಎರಡು ತಿಂಗಳಲ್ಲಿ ಗ್ಯಾರಂಟಿ ಅಂತ ಮಾತು ಕೊಡಲು ನನ್ನ ಮನಸ್ಸು ಒಪ್ಪುವುದಿಲ್ಲ.

ಹಾಗಾದರೆ ಯಾವ ಥರದ ಧ್ಯಾನ? ಮನಸ್ಸು ಹಾಯಾಗಿ ಮಂಪರಿಗೆ ಜಾರುವ ಥರದ್ದು ಇದಕ್ಕೆ ಅಷ್ಟು ಉಪಯೋಗವಿಲ್ಲ. ಉಸಿರು ನೋಡುತ್ತಾ ಕೂತಿರುತ್ತೀರಿ. ಮನಸ್ಸು ಯಾವಾಗಲೋ ಟೊಮೆಟೊ ರೇಟಿಗೋ ಸಾಲದ ಕಂತಿಗೋ ಹೋಗಿರುತ್ತದೆ. ಸ್ವಲ್ಪ ಹೊತ್ತಾದ ಮೇಲೆ "ಅರೆ, ನಾನು ಇಲ್ಲಿರಲೇ ಇಲ್ಲ" ಅಂತ ಹೊಳೆಯುತ್ತದೆ. ಆ ಹೊಳೆಯುವ ಗಳಿಗೆಯೇ ನಮಗೆ ಬೇಕಾದ್ದು. ಮನಸ್ಸು ಹೆಣೆದ ಕಥೆಯೊಳಗೆ ಮುಳುಗಿದ್ದವರು ಅದು ಕಥೆ ಅಂತ ಗುರುತಿಸಿದಿರಿ. ಕನಸಿನಲ್ಲಿ ಎಚ್ಚರವಾಗುವಾಗಲೂ ಆಗುವುದು ಇದೇ. ಹಾಗಾಗಿ ಧ್ಯಾನದಲ್ಲಿ ಮನಸ್ಸು ಓಡಿತು ಅಂತ ಬೇಜಾರು ಮಾಡಿಕೊಳ್ಳಬೇಡಿ. ಓಡಿದ್ದು ಗೊತ್ತಾಯಿತಲ್ಲ, ಅಭ್ಯಾಸ ನಡೆದಿದೆ.

ಇದನ್ನೇ ಚಾಪೆ ಬಿಟ್ಟು ಎದ್ದ ಮೇಲೂ ಮುಂದುವರಿಸಿ. ಬಸ್ ಸ್ಟ್ಯಾಂಡಿನಲ್ಲಿ ಚಿಂತಾಮಣಿ ಬಸ್ಸಿನ ಬೋರ್ಡ್ ಓದಿ, ಕಣ್ಣು ತಿರುಗಿಸಿ, ಮತ್ತೆ ಓದಿ. ಕನಸಿನಲ್ಲಿ ಅಕ್ಷರಗಳು ಎರಡನೇ ಸಲಕ್ಕೆ ಬದಲಾಗಿರುವುದೇ ಜಾಸ್ತಿ. ಅಥವಾ ಮೂಗು ಹಿಡಿದುಕೊಂಡು ಉಸಿರಾಡಲು ನೋಡಿ. ಎಚ್ಚರವಿದ್ದಾಗ ಆಗುವುದಿಲ್ಲ, ಕನಸಿನಲ್ಲಿ ಎಷ್ಟೋ ಸಲ ಆಗಿಬಿಡುತ್ತದೆ. ಆದರೆ ಸುಮ್ನೆ ಯಾಂತ್ರಿಕವಾಗಿ ಮಾಡಿದರೆ ಪ್ರಯೋಜನವಿಲ್ಲ. "ಈಗ ನಾನು ಕನಸಿನಲ್ಲಿ ಇರಬಹುದಾ?" ಅಂತ ಮನಸಾರೆ ಅನುಮಾನಪಟ್ಟು, ಸುತ್ತ ನೋಡಿ, ಇಲ್ಲಿಗೆ ಹೇಗೆ ಬಂದೆ ಅಂತ ನೆನಪು ಮಾಡಿಕೊಳ್ಳಬೇಕು. ಹುಡುಗರಿಗೆ ಒಂದನ್ನು ಖಡಾಖಂಡಿತವಾಗಿ ಹೇಳುತ್ತೇನೆ: ಕನಸೋ ನಿಜವೋ ಅಂತ ನೋಡಲು ಎತ್ತರದಿಂದ ಹಾರುವುದು, ಓಡುವ ಗಾಡಿಗೆ ಅಡ್ಡ ಹೋಗುವುದು ಯಾವತ್ತೂ ಬೇಡ. ಮೂಗು ಹಿಡಿದರೆ ಸಾಕು.

ಹೊತ್ತು ಕೂಡ ಮುಖ್ಯ. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ನಡೆಯುತ್ತದೆ. ಮೊದಲ ಸುತ್ತುಗಳಲ್ಲಿ ಕನಸಿನ ಪಾಲು ಕಡಿಮೆ. ಬೆಳಗಾಗುತ್ತಾ ಬಂದಂತೆ ಅದು ಉದ್ದವಾಗುತ್ತದೆ. ಶಿಡ್ಲಘಟ್ಟದ ಕಡೆ ರೇಷ್ಮೆ ಮಾಡುವವರಿಗೆ ಇದು ಅನುಭವದಿಂದಲೇ ಗೊತ್ತು. ನಾಲ್ಕನೇ ಜ್ವರ (ಹುಳ ತಿನ್ನುವುದು ಬಿಟ್ಟು ಪೊರೆ ಕಳಚುವ ಹೊತ್ತು) ಎದ್ದ ಮೇಲೆ ಹುಳ ವಿಪರೀತ ತಿನ್ನುತ್ತದೆ. ಬೆಳಗಿನ ಜಾವ ಎದ್ದು ಸೊಪ್ಪು ಹಾಕಿ, ಮತ್ತೆ ಒಂದು ಗಳಿಗೆ ಮಲಗುತ್ತಾರೆ. "ಆವಾಗ ಬೀಳೋ ಕನಸು ಕಣ್ಣಿಗೆ ಕಟ್ಟಿದಂಗಿರುತ್ತೆ ಮೇಡಂ" ಅಂತ ಆ ಕಡೆಯಿಂದ ಬರುವ ಒಬ್ಬ ಅಕ್ಕ ಹೇಳಿದರು. ಅವರಿಗೆ ನಾನು ಹೊಸದಾಗಿ ಅಲಾರಂ ಇಡಲು ಹೇಳಲಿಲ್ಲ. ಸೊಪ್ಪು ಹಾಕಿ ಬಂದು ಸ್ವಲ್ಪ ಹೊತ್ತು ಉಸಿರು ಗಮನಿಸಿ, ಎದ್ದಾಗ ನೆನಪಿದ್ದ ಕನಸನ್ನು ಮನಸ್ಸಿನಲ್ಲಿ ಒಮ್ಮೆ ಓಡಿಸಿ, "ಮುಂದಿನ ಕನಸಲ್ಲಿ ಇದು ಕನಸು ಅಂತ ನೆನಪಾಗಲಿ" ಅಂದುಕೊಂಡು ಮಲಗಿ ಅಂದೆ. ಲಾಬರ್ಜ್ ಹೇಳಿಕೊಟ್ಟ ವಿಧಾನದ ತಿರುಳು ಇಷ್ಟೇ. ಐದಾರು ಗಂಟೆ ನಿದ್ದೆಯಾದ ಮೇಲೆ ಮಾಡಿದರೆ ಫಲ ಹೆಚ್ಚು. ರಾತ್ರಿ ಹತ್ತಕ್ಕೆ ಮಲಗುವಾಗ ಮಾಡಿದರೆ ಅಷ್ಟಿಲ್ಲ. ತಲೆದಿಂಬಿನ ಪಕ್ಕ ಒಂದು ನೋಟ್‌ಬುಕ್ಕೂ ಇರಲಿ. ಎದ್ದ ಕೂಡಲೇ ಫೋನ್ ಮುಟ್ಟದೆ ಕನಸನ್ನು ಬರೆಯಿರಿ. ಕನಸೇ ನೆನಪಿರದಿದ್ದರೆ, ಅದರೊಳಗೆ ಎಚ್ಚರ ಬಂದದ್ದಾದರೂ ಹೇಗೆ ತಿಳಿಯುತ್ತದೆ, ಅಲ್ವಾ?

ಧ್ಯಾನ ನಿಜವಾಗಿ ಕೈ ಹಿಡಿಯುವುದು ಕನಸು ಅಂತ ಗೊತ್ತಾದ ಮೇಲೆ. ಹೊಸಬರಿಗೆ ಆ ಕ್ಷಣ ಎಷ್ಟು ಖುಷಿಯಾಗುತ್ತದೆ ಅಂದರೆ ಎದೆ ಹೊಡೆದುಕೊಂಡು ಎಚ್ಚರವೇ ಆಗಿಬಿಡುತ್ತದೆ. ಕೆಲವರು ತಕ್ಷಣ ಹಾರಲು ಹೋಗಿ, ಕಥೆಯೊಳಗೆ ಮತ್ತೆ ಮುಳುಗಿ, ಕನಸು ಅನ್ನುವುದನ್ನೇ ಮರೆಯುತ್ತಾರೆ. ಬಂದದ್ದನ್ನು ಹಿಡಿಯದೆ, ತಳ್ಳದೆ ನೋಡುವ ಅಭ್ಯಾಸ ಇದ್ದವರು ಇಲ್ಲಿ ನಿಲ್ಲುತ್ತಾರೆ. ಏನೂ ಮಾಡಬೇಡಿ. ಕನಸಿನ ಕೈಗಳನ್ನು ಉಜ್ಜಿಕೊಳ್ಳಿ, ಕಾಲಡಿ ನೆಲ ಹೇಗಿದೆ ನೋಡಿ. ಕನಸು ಗಟ್ಟಿಯಾಗುತ್ತದೆ. ನನಗೂ ಹಾಗೆ ನಿಂತು ನೋಡಿದ ಕನಸುಗಳೇ ಇಷ್ಟ. ಬೇಕೆಂದಂತೆ ತಿರುಗಿಸಲು ಹೋದ ಕನಸುಗಳು ಬೇಗ ಕರಗಿಹೋಗುತ್ತವೆ.

ಈ ಅಭ್ಯಾಸದಲ್ಲಿ ಕೆಲವರಿಗೆ ನಡುವೆ ಎಚ್ಚರವಾಗಿ ಮೈ ಅಲ್ಲಾಡಿಸಲು ಆಗದೆ, ಎದೆ ಮೇಲೆ ಯಾರೋ ಕೂತ ಹಾಗೆ ಅನಿಸಬಹುದು. ದೆವ್ವ ಅಲ್ಲ. ರೆಮ್ ನಿದ್ದೆಯ ಸಡಿಲತನ ಎಚ್ಚರದ ಮೇಲೂ ಒಂದಷ್ಟು ಹೊತ್ತು ಉಳಿದಿದೆ, ಅಷ್ಟೆ. ಹೆದರದೆ ಉಸಿರು ಗಮನಿಸಿ, ತಾನಾಗಿ ಹೋಗುತ್ತದೆ. ಅಂಗಾತ ಮಲಗುವವರಿಗೆ ಇದು ಜಾಸ್ತಿ, ಮಗ್ಗುಲಾಗಿ ಮಲಗಿ.

ಇದೆಲ್ಲ ನಮ್ಮ ಋಷಿಗಳಿಗೆ ಗೊತ್ತಿತ್ತಲ್ಲವಾ ಅಂತಲೂ ಕೇಳುತ್ತಾರೆ. ಬರೀ 12 ಮಂತ್ರಗಳ ಮಾಂಡೂಕ್ಯ ಉಪನಿಷತ್ತು ಎಚ್ಚರ, ಕನಸು, ಗಾಢ ನಿದ್ದೆ, ಅವುಗಳಾಚೆಯ ತುರೀಯ ಅಂತ ನಾಲ್ಕು ಸ್ಥಿತಿಗಳನ್ನು ಹೇಳುತ್ತದೆ. ಪತಂಜಲಿಯ ಯೋಗಸೂತ್ರದಲ್ಲೂ ಕನಸು, ನಿದ್ದೆಗಳ ಅರಿವನ್ನು ಹಿಡಿದು ಮನಸ್ಸನ್ನು ನಿಲ್ಲಿಸಬಹುದು ಅಂತ ಬರುತ್ತದೆ. ಟಿಬೆಟಿನ ಬೌದ್ಧರಲ್ಲಿ ಕನಸಿನ ಯೋಗವೇ ಇದೆ. ಆದರೆ ಅವರ್ಯಾರೂ ಮಜಾಕ್ಕೆ ಹೇಳಿದ್ದಲ್ಲ. ಇದನ್ನು ಹಾರಾಟದ ಆಟವಾಗಿ ಮಾತ್ರ ನೋಡಿದರೆ ನನಗೆ ನೋವಾಗುತ್ತದೆ.

ಅಮ್ಮನನ್ನು ನೋಡಬೇಕು ಅನ್ನುವವರಿಗೆ ನಿಧಾನಕ್ಕೆ ಹೇಳುತ್ತೇನೆ: ಕನಸಿನಲ್ಲಿ ಬರುವುದು ನಿಮ್ಮೊಳಗಿರುವ ಅಮ್ಮ. ಸಮಾಧಾನ ಸಿಗಬಹುದು. ಆದರೆ ಪ್ರತಿ ರಾತ್ರಿ ಕರೆಯಲು ಹೋಗಬೇಡಿ. ಕೆಟ್ಟ ಕನಸಿನವರಿಗೆ ಹಗಲಲ್ಲೇ ಆ ಕನಸಿನ ಕೊನೆಯನ್ನು ಬೇರೆ ಥರ ಬರೆದು, ಶಾಂತವಾಗಿ ಮನಸ್ಸಿನಲ್ಲಿ ನೋಡಲು ಹೇಳುತ್ತೇನೆ. ಅಟ್ಟಿಸಿಕೊಂಡು ಬರುವವನ ಕಡೆ ತಿರುಗಿ ನಿಂತು "ಯಾರು ನೀನು?" ಅಂತ ಕೇಳಿದ ಹಾಗೆ. ಕನಸಿನಲ್ಲಿ ಎಚ್ಚರ ಬರದಿದ್ದರೂ ಎಷ್ಟೋ ಜನರಿಗೆ ಇದರಿಂದಲೇ ಭಯ ಕಡಿಮೆಯಾಗುತ್ತದೆ. ಇಲ್ಲದ ದನಿ ಕೇಳಿಸುವವರು, ನಿಜ ಯಾವುದು ಅಂತ ಹಗಲಲ್ಲೇ ಗೊಂದಲವಾಗುವವರು ಮಾತ್ರ ಈ ಅಭ್ಯಾಸಕ್ಕೆ ಕೈ ಹಾಕದೆ ಮೊದಲು ಮನೋವೈದ್ಯರನ್ನು ನೋಡಿ.

ಪಿಯುಸಿ ಮಕ್ಕಳೂ ಕೇಳುತ್ತಾರೆ. ಪರೀಕ್ಷೆ ಮುಗಿಯುವ ತನಕ ನಡುರಾತ್ರಿ ಏಳುವುದೆಲ್ಲ ಬೇಡ, ನಿದ್ದೆ ಕೆಡಿಸಿಕೊಂಡರೆ ಓದಿದ್ದೂ ನಿಲ್ಲುವುದಿಲ್ಲ. ಬೆಳಿಗ್ಗೆ ಸ್ವಲ್ಪ ಹೊತ್ತು ಉಸಿರು ನೋಡಿ, ಕನಸು ನೆನಪಿದ್ದರೆ ಬರೆದಿಡಿ. ಉಳಿದದ್ದು ಬೇಸಿಗೆ ರಜೆಗೆ ಇರಲಿ.