ಈಗ ಬಂದೆ ನೋಡ್ರಿ ಸರ

ಮೇ ತಿಂಗಳು, ರಾಯಚೂರು, ಅದರಲ್ಲೂ ಭಾನುವಾರ. ಬೆಳಿಗ್ಗೆ ಹತ್ತಕ್ಕೆ ಕೂಲರ್ ಕೆಟ್ಟಿತು. ಫ್ಯಾನ್ ತಿರುಗುತ್ತಿತ್ತು, ನೀರು ಮೇಲೆ ಏರುತ್ತಿರಲಿಲ್ಲ. ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು.

ರಿಪೇರಿಯವನಿಗೆ ಫೋನ್ ಮಾಡಿದೆ. "ಈಗ ಬಂದೆ ನೋಡ್ರಿ ಸರ" ಅಂದ. ಹನ್ನೊಂದೂವರೆಗೆ ಮತ್ತೆ ಮಾಡಿದೆ. "ಹಾದ್ಯಾಗ ಅದೀನ್ರಿ" ಅಂದ. ಹಿಂದೆ ಯಾರೋ "ಇನ್ನೊಂದು ಪ್ಲೇಟ್ ಸುಸ್ಲಾ" ಅಂತ ಕೂಗಿದ್ದು ಕೇಳಿಸಿತು. ಮೂರನೇ ಸಲ ಫೋನ್ ಎತ್ತಲೇ ಇಲ್ಲ. ವಾಟ್ಸಾಪ್‌ನಲ್ಲಿ ‘ಕಮಿಂಗ್ ಸೂನ್’ ಅಂತ ಬಂತು, ಸಿನಿಮಾ ಪೋಸ್ಟರ್ ತರ.

ರಜೆಗೆ ಸಿಂಧನೂರಿನಿಂದ ಬಂದಿದ್ದ ಅಕ್ಕನ ಮಗಳು ಅದನ್ನು ಓದಿ ಕೇಳಿದಳು, "ಮಾಮಾ, ಸೂನ್ ಅಂದ್ರ ಎಷ್ಟು ಹೊತ್ತು?"

ನಾನು ಇಂಗ್ಲಿಷ್ ಮೇಷ್ಟ್ರು. ಕೇಳಿದರೆ ಬಿಡುತ್ತೀನಾ? ಶುರು ಮಾಡಿದೆ.

ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದ ‘ಸೋನ’. ಆಗ ಅದರ ಅರ್ಥ ‘ಈಗಲೇ, ತಕ್ಷಣ’. ಹೇಳಿದವರು ಹೇಳಿದ ಹೊತ್ತಿಗೆ ಬರಲಿಲ್ಲ. ಕೇಳಿದವರು ಒಂದಷ್ಟು ಹೊತ್ತು ಸೇರಿಸಿಕೊಂಡೇ ಕೇಳುವುದನ್ನು ಕಲಿತರು. ಹಾಗೆ ಅದು ‘ಇನ್ನು ಸ್ವಲ್ಪ ಹೊತ್ತಿಗೆ’ ಆಯಿತು. ‘ಅನಾನ್’ ಅನ್ನೋ ಹಳೇ ಪದದ್ದೂ ಇದೇ ಹಣೆಬರಹ. ಹುಟ್ಟಿದಾಗ ‘ತಕ್ಷಣ’ ಆಗಿದ್ದದ್ದು ಆಮೇಲೆ ‘ತಡಿ, ಬರ್ತೀನಿ’ ಆಯಿತು. ಶೇಕ್ಸ್‌ಪಿಯರನ ಒಂದು ನಾಟಕದಲ್ಲಿ ಹೆಂಡದಂಗಡಿಯ ಹುಡುಗನೊಬ್ಬ ‘ಅನಾನ್, ಅನಾನ್’ ಅಂತ ಕೂಗುತ್ತಲೇ ಇರುತ್ತಾನೆ, ನಿಂತ ಜಾಗ ಬಿಡುವುದಿಲ್ಲ. ‘ಪ್ರೆಸೆಂಟ್ಲಿ’ ನೋಡಿ, ಹೊಟ್ಟೆಯೊಳಗೇ ‘ಈಗ’ ಇಟ್ಟುಕೊಂಡೂ ‘ಆಮೇಲೆ’ ಆಗಿಬಿಟ್ಟಿತು.

ನಾವು ಇವರಿಗಿಂತ ಒಂದು ಕೈ ಮೇಲೆ ಅಲ್ವಾ? ಅವರು ಪದ ಸವೆಸಿದರು. ನಾವು ವ್ಯಾಕರಣಕ್ಕೇ ಕೈ ಹಾಕಿದೆವು. ‘ಬಂದೆ’ ಅನ್ನೋದು ಭೂತಕಾಲ. ಮನೆಯಿಂದ ಹೊರಡುವ ಮುಂಚೆಯೇ ಬಂದಾಗಿರುತ್ತದೆ!

ಪಾಠ ಮುಗಿಯುವಷ್ಟರಲ್ಲಿ ಹುಡುಗಿ ಒದ್ದೆ ಟವೆಲ್ ಹೊದ್ದು ಮಲಗಿದ್ದಳು.

ನಾಲ್ಕು ಗಂಟೆಗೆ ಅವನು ಬಂದ. ಪಂಪ್ ಬಿಚ್ಚಿದ. ನಮ್ಮ ಬೋರಿನ ಗಡಸು ನೀರಿಗೆ ಬೆಳ್ಳಗೆ ಉಪ್ಪು ಕಟ್ಟಿ ಹೋಗಿತ್ತು. "ಹೊಸಾದು ಬೇಕ್ರಿ. ಅಂಗಡಿಗೆ ಹೋಗಿ ಈಗ ಬಂದೆ" ಅಂತ ಗಾಡಿ ಹತ್ತಿದ.

ಅಕ್ಕ ಏನೂ ಮಾತಾಡಲಿಲ್ಲ. ಅವನು ಬಿಟ್ಟು ಹೋದ ಸಾಮಾನಿನ ಚೀಲ ಎತ್ತಿ ಅಡುಗೆಮನೆಯಲ್ಲಿಟ್ಟು ಬಾಗಿಲು ಹಾಕಿಕೊಂಡಳು.

ಇಪ್ಪತ್ತು ನಿಮಿಷಕ್ಕೆ ಬಂದ.