ದಣಪೆಯ ಆಚೆಗಿನ ಜಮೀನು

ಕಳೆದ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಅಮೆರಿಕದ ಮೊಂಟಾನಾ ರಾಜ್ಯದ ನೈರುತ್ಯ ಭಾಗದ ಬಿಗ್ ಹೋಲ್ ಕಣಿವೆಗೆ ಹೋಗಿದ್ದೆ. ಬೇಟೆಗೂ ಮೀನುಗಾರಿಕೆಗೂ ಹೇಳಿ ಮಾಡಿಸಿದಂಥ ಏಕಾಂತದ ರಾಂಚ್, ಅಂದರೆ ದನ ಸಾಕುವ ದೊಡ್ಡ ಜಮೀನು, ಒಂದು ಅಲ್ಲಿ ಮಾರಾಟಕ್ಕಿತ್ತು. ಕೊಳ್ಳುವ ಹಂಬಲ ಅವರದು. ಬಂದೂಕನ್ನೂ ಗಾಳವನ್ನೂ ಮುಟ್ಟದ ನನ್ನದು ಬರೀ ಕುತೂಹಲ.

ಡಾಂಬರು ರಸ್ತೆ ಬಿಟ್ಟು ಬಹಳ ದೂರ ಜಲ್ಲಿ ಹಾದಿಯಲ್ಲಿ ಸಾಗಿದ ಮೇಲೆ ಸಿಕ್ಕಿದ್ದು, ಬೇಲಿಯ ನಡುವೆ ಅಡ್ಡ ಕೋಲು ಸರಿಸಿ ದಾಟುವ ನಮ್ಮೂರ ದಣಪೆಯ ಅಣ್ಣನಂತಿದ್ದ ಒಂದು ಗೇಟು. ಮುಳ್ಳುತಂತಿಗೆ ಮೂರ್ನಾಲ್ಕು ಕೋಲು ಕಟ್ಟಿ, ಕೊನೆಯ ಕೋಲನ್ನು ಕಂಬಕ್ಕೆ ತಂತಿಯ ಕುಣಿಕೆಯಿಂದ ಬಿಗಿದಿದ್ದರು. ಅದನ್ನು ಬಿಚ್ಚಲು ನಾನು ಕೋಲನ್ನು ಹೆಗಲಿಗೆ ಆನಿಸಿ ಹೆಣಗಾಡಬೇಕಾಯಿತು. ಕಂಬಗಳಿಗೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣ ಬಳಿದಿತ್ತು. ಅದು ಅಲಂಕಾರವಲ್ಲ, ಅನುಮತಿಯಿಲ್ಲದೆ ಒಳಗೆ ಬರಬೇಡಿ ಎಂದು ಬರೆದು ತೂಗುಹಾಕುವುದರ ಬದಲು ಮೊಂಟಾನಾದ ಕಾನೂನು ಈ ಬಣ್ಣವನ್ನೇ ಒಪ್ಪುತ್ತದೆ.

ಜಾಹೀರಾತಿನಲ್ಲಿ ಸಾವಿರಾರು ಎಕರೆ ಎಂದಿತ್ತು. ಕಾಗದಪತ್ರ ತೆರೆದಾಗ ಅದರಲ್ಲಿ ಖಾತೆಯ ಭೂಮಿ ಮೂರರಲ್ಲಿ ಒಂದು ಪಾಲೂ ಇರಲಿಲ್ಲ. ಉಳಿದದ್ದೆಲ್ಲ ದನ ಮೇಯಿಸಲು ಪರವಾನಗಿ ಪಡೆದ ಕೇಂದ್ರ ಸರ್ಕಾರದ ನೆಲ. ಸಹೋದ್ಯೋಗಿ ಗೊಂದಲಕ್ಕೆ ಬಿದ್ದರು. ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಲ್ಲಿ ಬೆಳೆದ ನನಗೆ ಮಾತ್ರ ಕೂಡಲೇ ಅರ್ಥವಾಯಿತು: ಇದು ಸೊಪ್ಪಿನಬೆಟ್ಟದ ಲೆಕ್ಕ. ನೆಲ ಸರ್ಕಾರದ್ದು, ಸೊಪ್ಪಿನ ಹಕ್ಕು ತೋಟದವರದು. ಇಲ್ಲಿ ಸೊಪ್ಪಿನ ಬದಲು ಹುಲ್ಲು, ಅಷ್ಟೇ. ಆ ನೆಲಕ್ಕೆ ನ್ಯಾಯವಾದ ದಾರಿಯಿಂದ ಬರಬಲ್ಲ ಯಾವ ಬೇಟೆಗಾರನನ್ನೂ ರಾಂಚಿನವರು ತಡೆಯುವಂತಿಲ್ಲ.

ಎಲ್ಕ್‌ಗಳ ಕಥೆಯೂ ಹೀಗೆಯೇ. ನಮ್ಮ ಕಡವೆಯ ದೂರದ ನೆಂಟನಾದ ಈ ದೊಡ್ಡ ಜಿಂಕೆಗಳು ಬೆಳಗಿನ ಜಾವ ಹುಲ್ಲುಗಾವಲಿಗೆ ಇಳಿದಿದ್ದವು, ಗಂಡೊಂದು ಸಿಳ್ಳೆಯಂಥ ಕೂಗು ಹಾಕುತ್ತಿತ್ತು. ದಳ್ಳಾಳಿ ಅವುಗಳನ್ನು ಆಸ್ತಿಯ ಪಟ್ಟಿಗೆ ಸೇರಿಸಿಯೇ ಮಾತನಾಡಿದರು. ಆದರೆ ಅಮೆರಿಕದಲ್ಲಿ ಕಾಡುಪ್ರಾಣಿ ಜಮೀನಿನ ಒಡೆಯನ ಸ್ವತ್ತಲ್ಲ, ಅದನ್ನು ರಾಜ್ಯವು ಜನರ ಪರವಾಗಿ ಕಾಯುತ್ತದೆ. ಒಡೆಯನೂ ಲೈಸೆನ್ಸ್ ಪಡೆದು ಋತುವಿಗಾಗಿ ಕಾಯಲೇಬೇಕು. ಮೊಂಟಾನಾದಲ್ಲಿ ಬಂದೂಕಿನ ಋತು ಐದು ವಾರಗಳದು, ನವೆಂಬರಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ನಂತರದ ಭಾನುವಾರ ಮುಗಿಯುತ್ತದೆ. ಒಣಹುಲ್ಲಿನ ಬಣವೆಗಳ ಸುತ್ತ ಎತ್ತರದ ಬೇಲಿ ಹಾಕಿಸಿದ್ದ, ರಾಂಚಿನ ಕೆಲಸ ನೋಡಿಕೊಳ್ಳುವ ಮೇಸ್ತ್ರಿಗೆ ಎಲ್ಕ್ ಎಂದರೆ ಬೇಟೆಯಲ್ಲ, ಚಳಿಗಾಲದಲ್ಲಿ ದನದ ಮೇವು ತಿಂದುಹಾಕುವ ಪೀಡೆ.

ನನಗೆ ಹೆಚ್ಚು ಹಿಡಿಸಿದ್ದು ಹೊಳೆ. ಮೊಂಟಾನಾದಲ್ಲಿ 1974ರಿಂದ ಹೊಳೆಗಳಿಗೆ ಸಾಕಿದ ಟ್ರೌಟ್ ಮೀನುಗಳನ್ನು ಬಿಡುವುದನ್ನು ನಿಲ್ಲಿಸಿದ್ದಾರೆ. ಸಾಕಿದ ಮೀನು ಬಿಟ್ಟಲ್ಲಿ ಕಾಡುಮೀನು ಕಡಿಮೆಯಾಗುತ್ತದೆ ಎಂಬುದು ಮ್ಯಾಡಿಸನ್ ಹೊಳೆಯ ಅಧ್ಯಯನದಿಂದ ತಿಳಿದಿತ್ತು. ಮೇಸ್ತ್ರಿ ಹಿಡಿದ ಕಂದು ಟ್ರೌಟ್ ಯುರೋಪಿನಿಂದ ಬಂದ ಕುಲದ್ದಾದರೂ ಇದೇ ನೀರಿನಲ್ಲಿ ಹುಟ್ಟಿದ್ದು. ಅವರು ಕೈ ಒದ್ದೆ ಮಾಡಿಕೊಂಡು, ಮೀನನ್ನು ನೀರಿನಿಂದ ಪೂರ್ತಿ ಎತ್ತದೆ, ಮುಳ್ಳಿಲ್ಲದ ಕೊಕ್ಕೆಯನ್ನು ಬಿಡಿಸಿ, ಅದು ತಾನಾಗಿ ಬಾಲ ಬೀಸುವವರೆಗೆ ಹರಿವಿಗೆ ಎದುರಾಗಿ ಹಿಡಿದುಕೊಂಡರು. ತಿನ್ನುವುದಕ್ಕಲ್ಲದೆ ಮೀನು ಹಿಡಿಯುವ ಈ ಪರಿಯನ್ನು ಮಳೆಗಾಲದಲ್ಲಿ ಹೊಳೆಯಿಂದ ಏರಿಬರುವ ಹತ್ತುಮೀನಿಗೆ ಗದ್ದೆಗಿಳಿಯುವ ನಮ್ಮ ಕಡೆಯವರಿಗೆ ವಿವರಿಸುವುದು ಕಷ್ಟ. ಬೇಸಿಗೆಯಲ್ಲಿ ನೀರು ಸತತ ಮೂರು ದಿನ 73 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಮಧ್ಯಾಹ್ನ 2 ಗಂಟೆಯಿಂದ ನಡುರಾತ್ರಿಯವರೆಗೆ ಗಾಳ ಹಾಕುವುದನ್ನೇ ನಿಷೇಧಿಸಬಹುದು; ಬಿಸಿ ನೀರಿನಲ್ಲಿ ಸೆಣಸಿದ ಮೀನು ಬಿಟ್ಟರೂ ಬದುಕುವುದು ಕಷ್ಟ.

ಹಾಗಾದರೆ ಇಷ್ಟು ಹಣ ಕೊಟ್ಟು ಕೊಳ್ಳುವುದಾದರೂ ಏನನ್ನು? ನನಗನಿಸಿದ್ದು, ದಾರಿಯನ್ನು. ಜಮೀನಿನ ಹಿಂಬದಿಯ ಸರ್ಕಾರಿ ಗುಡ್ಡಕ್ಕೆ ಈ ಕಡೆಯಿಂದ ಇರುವುದು ಒಂದೇ ಹಾದಿ, ಅದು ಹಾದುಹೋಗುವುದು ಆ ಕಿತ್ತಳೆ ಕಂಬಗಳ ನಡುವೆ.

ಸಂಜೆ ನಾವು ದಡದಲ್ಲಿ ನಿಂತಿದ್ದಾಗ, ಸೊಂಟದ ಮೇಲಿನವರೆಗೆ ರಬ್ಬರ್ ದಿರಿಸು ತೊಟ್ಟ ಅಪರಿಚಿತರೊಬ್ಬರು ನೀರಿನಲ್ಲೇ ನಡೆಯುತ್ತ ತಿರುವಿನಿಂದ ಕಾಣಿಸಿಕೊಂಡರು. ಸಹೋದ್ಯೋಗಿಯ ಮುಖ ಬಿಗಿಯಿತು. ಕೆಳಗಿನ ಸಾರ್ವಜನಿಕ ಸೇತುವೆಯ ಬಳಿ ಹೊಳೆಗಿಳಿದವರು, ನೀರು ಸಾಮಾನ್ಯವಾಗಿ ಏರುವ ಮಟ್ಟದ ಗೆರೆ ದಾಟದೆ, ಎಷ್ಟು ದೂರವಾದರೂ ಬರಬಹುದು, 1985ರ ಕಾನೂನು ಹಾಗಿದೆ ಎಂದು ದಳ್ಳಾಳಿ ಮೆಲ್ಲಗೆ ತಿಳಿಸಿದರು. ಪಕ್ಕದ ವಯೋಮಿಂಗ್‌ನಲ್ಲಾದರೆ ಹೊಳೆಯ ತಳವೂ ಜಮೀನಿನವರದೇ, ದೋಣಿಯಲ್ಲಿ ತೇಲಬಹುದು, ಕಾಲೂರುವಂತಿಲ್ಲ ಎಂದೂ ಸೇರಿಸಿದರು. ಆ ಮನುಷ್ಯ ಟೋಪಿಯಂಚು ಮುಟ್ಟಿ ನಮ್ಮೆದುರೇ ಎರಡು ಬಾರಿ ಗಾಳ ಬೀಸಿ ಮೇಲಕ್ಕೆ ಹೋದರು. ವಾಪಸ್ಸು ಬರುವಾಗ ಸಹೋದ್ಯೋಗಿ ವಯೋಮಿಂಗ್‌ನ ಬೆಲೆಗಳನ್ನು ವಿಚಾರಿಸುತ್ತಿದ್ದರು. ನಾನು ಇಳಿದು ಗೇಟಿನ ಕುಣಿಕೆ ಹಾಕುತ್ತಿದ್ದೆ.