ಆಯಿಯ ಮೊಣಕಾಲು, ಕಾಂಡ್ಲಾ ಕಾಡು
ಆಯಿಗೆ ಮೊಣಕಾಲು ನೋವು. ಸಹಸ್ರಲಿಂಗಕ್ಕೆ ಹೋದರೂ ಮೆಟ್ಟಿಲು ನೋಡಿ ಕಾರಲ್ಲೇ ಕೂತುಬಿಡುತ್ತಾಳೆ. ಅದಕ್ಕೇ ಈ ಸಲ ಶಿರಸಿಯಿಂದ ಘಟ್ಟ ಇಳಿದು ಹೊನ್ನಾವರದ ಹತ್ತಿರ ಕಾಸರಕೋಡಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿಗೆ ಕರೆದುಕೊಂಡು ಹೋದೆ. ಕೆಸರಿನ ಮೇಲೆ ಹಲಗೆ ಹಾಸಿದ ದಾರಿ, ಹಿಡಿದುಕೊಳ್ಳಲು ಕಟಕಟೆ, ಗುಡ್ಡ ಹತ್ತುವ ಕೆಲಸವೇ ಇಲ್ಲ.

ಉಬ್ಬರ ಮುಗಿದು ನೀರು ಇಳಿದಾಗ ಹೋಗಿ, ಆಗಲೇ ಜಾಸ್ತಿ ಕಾಣುವುದು. ಕೆಸರಿನಿಂದ ಮೇಲೆದ್ದ ಉಸಿರಾಡುವ ಬೇರುಗಳು, ಬಿಲದ ಬಾಯಲ್ಲಿ ನಿಂತು ತನ್ನ ಒಂದೇ ಒಂದು ದೊಡ್ಡ ಕೈ ಎತ್ತಿ ಎತ್ತಿ ಹೆಣ್ಣನ್ನು ಕರೆಯುವ ಗಂಡು ಏಡಿ. ಆಯಿ ಕೋಲು ಊರಿ ನೋಡುತ್ತಲೇ ನಿಂತಳು. "ಇದು ಯಾರಿಗೆ ಟಾಟಾ ಮಾಡ್ತಾ ಇದ್ದು?"

ಗಾಲಿಕುರ್ಚಿ ಇದ್ದರೆ ಒಬ್ಬರು ಮುಂದೆ ಹೋಗಿ ಹಲಗೆಯ ಸಂದು ನೋಡಿ ಬನ್ನಿ. ಮಳೆಗಾಲದಲ್ಲಿ ಬೇಡ, ಜಾರುತ್ತದೆ. ಅಲ್ಲೇ ಹತ್ತಿರ 2020ರಲ್ಲಿ ಬ್ಲೂ ಫ್ಲ್ಯಾಗ್ (ಸ್ವಚ್ಛ, ಸುರಕ್ಷಿತ ಬೀಚ್‌ಗಳಿಗೆ ಕೊಡುವ ಮಾನ್ಯತೆ) ಪಡೆದ ಬೀಚ್ ಇದೆ, ಮಕ್ಕಳನ್ನು ಅಲ್ಲಿಗೆ ಬಿಡಬಹುದು.